ಕುರಿ ಹೊಲಕ್ಕೆ ಬಿದ್ದರೆ ಕೊಂಡವಾಡವೋ, ಕಟ್ಟೆಯೋ?

ವಿಜಯಪುರದ ಡೋಣಿ ನದಿ ಸಾಲಿನ ಎರಿ (ಕಪ್ಪು ಮಣ್ಣಿನ) ಹೊಲ. ಬಿಳಿಜೋಳಕ್ಕೆ ಕುರಿ ಬಿದ್ದಿವೆ. ಈಗೇನು ಮಾಡುತ್ತೀರಿ?

ಕುರಿ ಹಿಡಿದು ಕೊಂಡವಾಡಕ್ಕೆ, ಅಂದರೆ ಬೆಳೆ ಮೇಯ್ದ ದನ-ಕುರಿ ಕೂಡಿಹಾಕುವ ದೊಡ್ಡಿಗೆ, ಹಾಕಿಸಬಹುದು, ಠಾಣೆಗೂ ಹೋಗಬಹುದು. ಹೊಡೆದಾಟ ಆಗಿದ್ದರೆ ಠಾಣೆಯೇ ಸರಿ. ಆದರೆ ಆ ಕುರಿಗಾರ ಮತ್ತೆ ನಿಮ್ಮ ಕಡೆ ತಲೆ ಹಾಕುವುದು ಕಷ್ಟ.

ಇಲ್ಲವೇ ಗುಡಿ ಕಟ್ಟೆಗೆ ಹಿರಿಯರನ್ನು ಕರೆಯಿರಿ. ಸುಮ್ನೆ ಕೂಗಾಡುವ ಮೊದಲು ಇಬ್ಬರೂ ಹೊಲಕ್ಕೆ ಹೋಗಿ, ಮೇಯ್ದ ಸಾಲು ಎಣಿಸಿ. ನಷ್ಟ ದುಡ್ಡಲ್ಲೇ ತುಂಬಿಕೊಡಬೇಕೆಂದಿಲ್ಲ. ಸುಗ್ಗಿ ಮುಗಿದ ಮೇಲೆ ನಾಲ್ಕು ರಾತ್ರಿ ಕುರಿ ತರುಬಿದರೆ, ಅಂದರೆ ನಿಮ್ಮ ಹೊಲದಲ್ಲೇ ನಿಲ್ಲಿಸಿದರೆ, ಹಿಕ್ಕಿ, ಗಂಜಲ ಎರಡೂ ಗೊಬ್ಬರವಾಗಿ ನೆಲಕ್ಕೆ ಬೀಳುತ್ತವೆ. ಬೇರೆ ವರ್ಷ ಇದಕ್ಕೇ ಜೋಳ, ದುಡ್ಡು ಕೊಟ್ಟು ಕರೆಯುತ್ತೀರಿ, ಅಲ್ವಾ?

ಕಟ್ಟೆಯಲ್ಲಿ ಊರವರ ದನಿಯೇ ಜಾಸ್ತಿ. ಕುರಿಗಾರನ ಕಡೆಯವರೂ ಒಬ್ಬರು ಕೂತಿರಲಿ. ನಾನಾದರೆ ಕಟ್ಟೆಗೇ ಹೋಗುತ್ತೇನೆ, ಒಪ್ಪಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ.