ಇಪ್ಪತ್ತೊಂದು ತಿಂಗಳು ಬಳಸಿದ ಲ್ಯಾಪ್‌ಟಾಪ್: ಎಲ್ಲ ಚೆನ್ನಾಗಿತ್ತು, ವೈಫೈ ಒಂದನ್ನು ಬಿಟ್ಟು

2023ರ ಆಯುಧಪೂಜೆಯ ವಾರ ಈ ಲ್ಯಾಪ್‌ಟಾಪ್ ಮನೆಗೆ ಬಂತು. 14 ಇಂಚಿನ ಪರದೆ, ರೈಜೆನ್ 5 ಪ್ರೊಸೆಸರ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ಬಿಲ್ ಆದದ್ದು 57,000 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ. ಬೇರೆ ಕಂಪನಿಯ ಲ್ಯಾಪ್‌ಟಾಪ್ ಕೊಂಡ ನನ್ನ ಗೆಳತಿಗೂ ಇದೇ ತೊಂದರೆ ಬಂತು. ಒಳಗಿನ ವೈಫೈ ಕಾರ್ಡ್ ಒಂದೇ ಆದರೆ, ಮೇಲಿನ ಹೆಸರು ಯಾವುದಾದರೇನು?

ನಾನು ಶಿರಸಿಯಲ್ಲಿ ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇನೆ. ತಿಂಗಳ 11 ಮತ್ತು 20ನೇ ತಾರೀಖು ಹತ್ತಿರ ಬಂದರೆ ನೆಟ್ ನನಗೆ ನೀರಿನಷ್ಟೇ ಮುಖ್ಯ. ಒಟಿಪಿ ಬಂದಿರುತ್ತದೆ, ಹಾಕುವಷ್ಟರಲ್ಲಿ ಸಂಪರ್ಕ ಹೋಗುತ್ತದೆ, ಮತ್ತೆ ಮೊದಲಿನಿಂದ ಲಾಗಿನ್. ಒಂದೇ ಸಂಜೆಯಲ್ಲಿ ಹೀಗೆ ನಾಲ್ಕು ಸಲ ಆದಾಗ ಅಳು ಬರುತ್ತದೆ. ಅದಕ್ಕೇ ಈ ವಿಮರ್ಶೆಯಲ್ಲಿ ಹೆಚ್ಚಿನ ಮಾತು ವೈಫೈ ಬಗ್ಗೆಯೇ ಇದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕೀಬೋರ್ಡ್ ತುಂಬಾ ಚೆನ್ನಾಗಿದೆ. ದಿನಕ್ಕೆ ಏಳೆಂಟು ಗಂಟೆ ಅಂಕಿ ಹೊಡೆದರೂ ಬೆರಳು ನೋಯುವುದಿಲ್ಲ. ಆದರೆ ಬಲಗಡೆ ಅಂಕಿಗಳ ಗುಂಪು ಇಲ್ಲ, ಅದಕ್ಕೆ ಬೇರೆ ನಂಬರ್ ಪ್ಯಾಡ್ ಕೊಂಡೆ. ಬ್ಯಾಟರಿ ಹೊಸದರಲ್ಲಿ ಏಳು ಗಂಟೆ ಬರುತ್ತಿತ್ತು, ಈಗ ಐದು. ಪರದೆಯ ಬೆಳಕು ಮನೆಯೊಳಗೆ ಸಾಕು, ಜಗಲಿಯಲ್ಲಿ ಹಗಲು ಹೊತ್ತು ಸಾಲದು. ಫ್ಯಾನಿನ ಸದ್ದು ಕಡಿಮೆ. ಈ ಯಾವುದರಲ್ಲೂ ನನಗೆ ದೂರಿಲ್ಲ.

ಮೊದಲ ಮೂರು ವಾರ ವೈಫೈ ಕೂಡ ಸರಿಯಾಗಿತ್ತು. ದೀಪಾವಳಿ ಕಳೆದ ಮೇಲೆ ಶುರುವಾಯಿತು. ಕೆಲಸ ಮಾಡುತ್ತಿದ್ದ ಹಾಗೇ ಕೆಳಗಿನ ವೈಫೈ ಗುರುತು ಹೋಗಿ ಗ್ಲೋಬಿನ ಚಿತ್ರ ಬರುತ್ತಿತ್ತು. ಒಂದೆರಡು ನಿಮಿಷಕ್ಕೆ ತಾನಾಗೇ ಸರಿಯಾಗುತ್ತಿತ್ತು, ಕೆಲವೊಮ್ಮೆ ವೈಫೈ ಆಫ್ ಮಾಡಿ ಆನ್ ಮಾಡಬೇಕಿತ್ತು. ದಿನಕ್ಕೆ ಐದಾರು ಸಲ. ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಮೊಬೈಲ್ ಅದೇ ವೈಫೈನಲ್ಲಿ ಆರಾಮಾಗಿ ಓಡುತ್ತಿತ್ತು.

ಎಲ್ಲರ ಹಾಗೆ ನಾನೂ ಮೊದಲು ಕರೆದದ್ದು ಇಂಟರ್ನೆಟ್‌ನವರನ್ನು. ಹುಡುಗ ಬಂದು ಫೈಬರ್ ತೆಗೆದು ಮೀಟರ್ ಹಿಡಿದ. ಲೈನಿನಲ್ಲಿ ಬರುವ ಬೆಳಕಿನ ಬಲ ಮೈನಸ್ 21 ಡಿಬಿಎಂ ತೋರಿಸಿತು. "ಮೈನಸ್ 27 ದಾಟಿದ್ರೆ ಯೋಚನೆ ಮಾಡ್ಬೇಕಿತ್ತು ಅಕ್ಕಾ, ಲೈನ್ ಸರಿಯಿದೆ" ಅಂದ. ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ಸಹಾಯವಾಣಿ. ಅವರು ವಿಂಡೋಸ್ ಪೂರ್ತಿ ರೀಸೆಟ್ ಮಾಡಿ ಎಂದರು. ಭಾನುವಾರ ಇಡೀ ಅದಕ್ಕೇ ಹೋಯಿತು. ಟ್ಯಾಲಿ, ಪ್ರಿಂಟರ್, ಕನ್ನಡ ಫಾಂಟ್ ಎಲ್ಲ ಮತ್ತೆ ಹಾಕಿದೆ. ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಮತ್ತೆ ಅದೇ. ಈ ಸಲಹೆ ಯಾರಾದರೂ ಕೊಟ್ಟರೆ, ದಯವಿಟ್ಟು ಮೊದಲು ಕೆಳಗಿನದ್ದನ್ನೆಲ್ಲ ಮಾಡಿ ನೋಡಿ.

ದಾರಿ ತೋರಿಸಿದವನು ಅಕ್ಕನ ಮಗ. ಫೋನಿನಲ್ಲೇ ಹೇಳಿಕೊಟ್ಟ. "ಚಿಕ್ಕಮ್ಮಾ, ಏನನ್ನೂ ಸರಿಮಾಡೋಕೆ ಹೋಗ್ಬೇಡ. ಎಲ್ಲಿ ಕಡಿತಾ ಇದೆ ಅಂತ ಮೊದಲು ನೋಡು."

ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ಎರಡು ತೆರೆದೆ. ಒಂದರಲ್ಲಿ ನಮ್ಮ ರೂಟರ್‌ನ ವಿಳಾಸ 192.168.1.1ಕ್ಕೆ ನಿಲ್ಲದ ಪಿಂಗ್, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್. ಪಿಂಗ್ ಎಂದರೆ 'ಇದ್ದೀಯಾ?' ಎಂದು ಕೇಳಿ ಉತ್ತರಕ್ಕೆ ಕಾಯುವುದು. ಇದು ಬಾವಿಯ ಪಂಪು ನಿಂತಿದೆಯಾ, ಮನೆಯೊಳಗಿನ ಪೈಪು ಒಡೆದಿದೆಯಾ ಎಂದು ನೋಡಿದ ಹಾಗೆ. ಹೊರಗಿನದು ಮಾತ್ರ ನಿಂತರೆ ತೊಂದರೆ ಇಂಟರ್ನೆಟ್ ಲೈನಿನದು. ರೂಟರ್‌ನ ಉತ್ತರವೂ ನಿಂತರೆ ತೊಂದರೆ ಮನೆಯೊಳಗೇ ಇದೆ. ನನ್ನದರಲ್ಲಿ ಎರಡೂ ಒಟ್ಟಿಗೆ ನಿಂತವು. ನಿಲ್ಲುವ ಮೊದಲು ಎರಡು ಮೂರು ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ರೂಟರ್ ಉತ್ತರ 800, 1,200 ಎಂದು ಏರುತ್ತಿತ್ತು.

ನಂತರ ಕೇಬಲ್ ಪರೀಕ್ಷೆ. ಈ ತೆಳ್ಳಗಿನ ಲ್ಯಾಪ್‌ಟಾಪಿಗೆ ಲ್ಯಾನ್ ಕಿಂಡಿ, ಅಂದರೆ ನೆಟ್ ಕೇಬಲ್ ಚುಚ್ಚುವ ಜಾಗ, ಇಲ್ಲ. ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಒಂದನ್ನು ಎರವಲು ತಂದೆ. ಇಡೀ ದಿನ ಒಂದು ಪಿಂಗ್ ಕೂಡ ತಪ್ಪಲಿಲ್ಲ. ಅಲ್ಲಿಗೆ ಫೈಬರ್ ಲೈನಿನ ಮೇಲಿದ್ದ ಅನುಮಾನ ಹೋಯಿತು. ಆ ಹುಡುಗನಿಗೆ ಫೋನ್ ಮಾಡಿ ಹೇಳಿದೆ, ಸುಮ್ನೆ ಎರಡು ಸಲ ಓಡಾಡಿಸಿದ್ದೆ ಅಲ್ವಾ?

ಇನ್ನು ಉಳಿದದ್ದು ರೂಟರ್ ಮತ್ತು ಲ್ಯಾಪ್‌ಟಾಪ್ ನಡುವಿನ ಗಾಳಿ. ಇಲ್ಲಿ ತೊಂದರೆ ಒಂದಲ್ಲ, ಮೂರು ಇತ್ತು. ಒಂದನ್ನು ಸರಿಮಾಡಿದಾಗ ಕಡಿತ ಸ್ವಲ್ಪ ಕಡಿಮೆಯಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅದರಿಂದಲೇ ಇಷ್ಟು ತಿಂಗಳು ಹಿಡಿಯಿತು.

ಮೊದಲನೆಯದು ಗೋಡೆ. ನಮ್ಮದು ಹಳೆಯ ಮನೆ, ಕೆಂಪುಕಲ್ಲಿನ ಗೋಡೆ, ಒಂದಡಿಗೂ ದಪ್ಪ. ರೂಟರ್ ಜಗಲಿಯಲ್ಲಿ, ನನ್ನ ಮೇಜು ಎರಡು ಗೋಡೆ ದಾಟಿ ಒಳಕೋಣೆಯಲ್ಲಿ. ವೈಫೈಯಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂದು ಸಾಮಾನ್ಯವಾಗಿ ಎರಡು ತರಂಗಪಟ್ಟಿ ಇರುತ್ತವೆ. 5 ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. 2.4 ನಿಧಾನ, ಆದರೆ ಗೋಡೆಯಾಚೆಗೂ ಬರುತ್ತದೆ. ನಮ್ಮ ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟಿತ್ತು. ಒಳಕೋಣೆಯಲ್ಲಿ 5ರ ಸಿಗ್ನಲ್ 38 ಶೇಕಡಾ. ಲ್ಯಾಪ್‌ಟಾಪ್ ಅದನ್ನು ಬಿಟ್ಟು 2.4ಕ್ಕೆ ಹಾರುವುದು, ಮತ್ತೆ 5ಕ್ಕೆ ಮರಳುವುದು. ಪ್ರತಿ ಹಾರಾಟಕ್ಕೂ ಸಂಪರ್ಕ ಕಡಿಯುತ್ತಿತ್ತು. ರೂಟರ್‌ನ ಪುಟಕ್ಕೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ಲ್ಯಾಪ್‌ಟಾಪ್ ಅನ್ನು 2.4ಕ್ಕೆ ಕಟ್ಟಿಹಾಕಿದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದವರದ್ದು ಹೆಚ್ಚಾಗಿ 6ರಲ್ಲಿತ್ತು. ನಮ್ಮದನ್ನು 11ಕ್ಕೆ ಹಾಕಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿದೆ. ವೇಗ 90ರಿಂದ 40 ಎಂಬಿಪಿಎಸ್‌ಗೆ ಬಂತು. ಜಿಎಸ್‌ಟಿ ಕೆಲಸಕ್ಕೆ ಅದು ಧಾರಾಳ. ನನಗೆ ಬೇಕಾದದ್ದು ಕಡಿಯದ ನೆಟ್, ಓಡುವ ನೆಟ್ ಅಲ್ಲ.

ಎರಡನೆಯದನ್ನು ನಾನು ಊಹಿಸಿಯೇ ಇರಲಿಲ್ಲ. ಬ್ಯಾಕಪ್ ತೆಗೆಯುವಾಗ ಲ್ಯಾಪ್‌ಟಾಪಿನ ಪಕ್ಕಕ್ಕೇ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಹಾಕುತ್ತಿದ್ದೆ. ಆಗಲೇ ವೈಫೈ ಸಾಯುತ್ತಿತ್ತು. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್‌ನ ಸುತ್ತಲೇ ರೇಡಿಯೊ ಗದ್ದಲ ಹೊರಡುತ್ತದೆ. ಇಂಟೆಲ್ ಇದನ್ನು ಅಳೆದು 2012ರಲ್ಲೇ ಪ್ರಕಟಿಸಿದೆ. ಒಂದು ಮೀಟರ್ ಕೇಬಲ್ ತಂದು ಡಿಸ್ಕನ್ನು ದೂರ ಇಟ್ಟೆ. ಬ್ಯಾಕಪ್ ಹೊತ್ತಿನ ತೊಂದರೆ ಅಂದೇ ಹೋಯಿತು.

ಮೂರನೆಯದು ಮೂಲ ಕಾಯಿಲೆ. ವಿಂಡೋಸ್‌ನಲ್ಲಿ ವೈಫೈ ವರದಿ ತೆಗೆಯುವ ಆದೇಶವೊಂದಿದೆ: netsh wlan show wlanreport. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಕೊಡಬೇಕು. ಕಳೆದ ಮೂರು ದಿನ ಯಾವಾಗ ಸಂಪರ್ಕ ಬಂತು, ಯಾವಾಗ ಹೋಯಿತು, ಯಾಕೆ ಹೋಯಿತು ಎಂದು ಗ್ರಾಫ್ ಸಮೇತ ಕೊಡುತ್ತದೆ. ನನ್ನ ವರದಿಯಲ್ಲಿ ಕೆಂಪು ಗುರುತುಗಳ ಸಾಲೇ ಇತ್ತು. ಬಹುಪಾಲು ಕಡೆ ಕಾರಣ ಒಂದೇ: ಸಂಪರ್ಕ ಇದ್ದಾಗಲೇ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಅದನ್ನು ಕಡಿದಿದೆ. ಅಂದರೆ ರೂಟರ್ ತಳ್ಳಿದ್ದಲ್ಲ, ಲ್ಯಾಪ್‌ಟಾಪೇ ಕೈಬಿಟ್ಟದ್ದು.

ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ಮೇಲೆ ಎರಡು ಸಲ ಒತ್ತಿದರೆ ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟ ಸಿಗುತ್ತದೆ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಪುಟ ಕಾಣಿಸುವುದಿಲ್ಲ. ನನ್ನದರಲ್ಲಿತ್ತು. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆದೆ. ಊಟಕ್ಕೆ ಎದ್ದು ಬಂದು ಮುಚ್ಚಳ ತೆರೆದಾಗ ವೈಫೈ ಸಿಗದೇ ಹೋಗುತ್ತಿದ್ದದ್ದು ಇದರಿಂದ ನಿಂತಿತು. ಆಮೇಲೆ ಡ್ರೈವರ್. ಹೊಸದು ಹಾಕಿದರೆ ಸರಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಸರಿಹೋದದ್ದು ಹಳೆಯದು. ಕಂಪನಿಯ ಸಹಾಯಪುಟದಲ್ಲಿದ್ದ ಹಿಂದಿನ ಆವೃತ್ತಿ ಹಾಕಿದ ಮೇಲೆ ಕಡಿತ ದಿನಕ್ಕೆ ಐದಾರರಿಂದ ಎರಡು ಮೂರು ದಿನಕ್ಕೊಂದಕ್ಕೆ ಇಳಿಯಿತು. ಆದರೆ ಅಪ್‌ಡೇಟ್ ಬಂದಾಗಲೆಲ್ಲ ಹೊಸ ಡ್ರೈವರ್ ಮತ್ತೆ ಬಂದು ಕೂರುತ್ತಿತ್ತು, ನಾನು ಮತ್ತೆ ಹಿಂದಕ್ಕೆ ಹಾಕುತ್ತಿದ್ದೆ. ಹತ್ತು ತಿಂಗಳು ಹೀಗೇ ನಡೆಯಿತು. ಸರ್ವಿಸ್ ಸೆಂಟರ್‌ಗೆ ಹುಬ್ಬಳ್ಳಿಯವರೆಗೆ ಒಯ್ದೆ. ಅವರ ಮೇಜಿನ ಮೇಲೆ, ರೂಟರ್‌ನ ಪಕ್ಕದಲ್ಲಿ, ಅರ್ಧ ಗಂಟೆ ಚೆನ್ನಾಗಿ ಓಡಿತು. ದೋಷ ಇಲ್ಲ ಎಂದು ಬರೆದುಕೊಟ್ಟರು. ಆ ಕಾಗದ ನೋಡಿದಾಗ ಆದ ಬೇಸರ ಇನ್ನೂ ಹೋಗಿಲ್ಲ. ವರದಿಯ ಪುಟಗಳನ್ನು ಪ್ರಿಂಟ್ ತೆಗೆದು ಒಯ್ದಿದ್ದೆ, ಯಾರೂ ಓದಲಿಲ್ಲ.

ವಾರಂಟಿ ಮುಗಿದ ಮೇಲೆ, 2024ರ ನವೆಂಬರ್‌ನಲ್ಲಿ, ಕಾರ್ಡನ್ನೇ ಬದಲಿಸಿದೆ. ಇಂಟೆಲ್ ಎಎಕ್ಸ್ 210, ಎರಡು ಸಾವಿರದೊಳಗೆ ಸಿಕ್ಕಿತು. ನಮ್ಮೂರಿನ ರಿಪೇರಿ ಅಂಗಡಿಯಲ್ಲಿ ಇಪ್ಪತ್ತು ನಿಮಿಷದ ಕೆಲಸ. ಹಿಂಬದಿ ತೆಗೆದರೆ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಕಾರ್ಡ್, ಒಂದು ಸ್ಕ್ರೂ, ಎರಡು ಆಂಟೆನಾ ತಂತಿ. ತಂತಿಯ ತುದಿ ಸಾಸಿವೆ ಕಾಳಿನಷ್ಟು ಚಿಕ್ಕದು, ಒತ್ತಿ ಕೂರಿಸಲು ನಿಧಾನ ಬೇಕು. ಎರಡು ವಿಷಯ ನೆನಪಿಡಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಕಾರ್ಡ್ ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲು ಬರುವುದಿಲ್ಲ. ಇನ್ನೊಂದು, ರೈಜೆನ್ ಲ್ಯಾಪ್‌ಟಾಪಿಗೆ ಎಎಕ್ಸ್ 201, ಎಎಕ್ಸ್ 211 ತರಬೇಡಿ. ಅವು ಇಂಟೆಲ್ ಪ್ರೊಸೆಸರ್ ಜತೆ ಮಾತ್ರ ಕೆಲಸ ಮಾಡುತ್ತವೆ. 210 ಎರಡರಲ್ಲೂ ನಡೆಯುತ್ತದೆ.

ಅಂದಿನಿಂದ ಇಂದಿನವರೆಗೆ, ಎಂಟು ತಿಂಗಳಲ್ಲಿ, ಲ್ಯಾಪ್‌ಟಾಪ್ ತಾನಾಗಿ ವೈಫೈ ಬಿಟ್ಟದ್ದು ನನಗೆ ಕಂಡಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರ್ ಆರುತ್ತದೆ, ಅದಕ್ಕೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದ್ದೇನೆ. ಮೂರು ಗಂಟೆ ಬರುತ್ತದೆ.

ಲ್ಯಾಪ್‌ಟಾಪಿಗೆ ಐದರಲ್ಲಿ ಮೂರು ಕೊಡುತ್ತೇನೆ. ಕೀಬೋರ್ಡ್ ಮತ್ತು ವೇಗಕ್ಕೆ ನಾಲ್ಕು ಕೊಡುತ್ತಿದ್ದೆ. 57,000 ತೆಗೆದುಕೊಂಡು ಇಂಥ ಕಾರ್ಡ್ ಹಾಕಿದ್ದಕ್ಕೆ, ಅದರ ಹೆಸರನ್ನು ಪೆಟ್ಟಿಗೆಯ ಮೇಲೆ ಬರೆಯದೆ ಬರೀ 'ವೈಫೈ 6' ಎಂದು ಬರೆದದ್ದಕ್ಕೆ ಒಂದು ಕಳೆದೆ. ವೈಫೈ 6 ಎಂಬುದು ತಂತ್ರಜ್ಞಾನದ ಮಾನದಂಡದ ಹೆಸರು, ಕಾರ್ಡಿನ ಹೆಸರಲ್ಲ.

ಹೋದ ತಿಂಗಳು ನಾದಿನಿ ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ಜತೆಗೆ ಹೋಗಿದ್ದೆ. ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗಿನ ಹೆಸರು ಓದಿದೆವು. ಮೊದಲ ಎರಡರಲ್ಲಿ ನನ್ನ ಹಳೆಯ ಕಾರ್ಡೇ ಇತ್ತು. ಮೂರನೆಯದನ್ನು ಅವಳು ತೆಗೆದುಕೊಂಡಳು, ಲ್ಯಾನ್ ಕಿಂಡಿಯೂ ಇರುವುದನ್ನು.