ಮೈಸೂರಿನ ಮನೆಯಿಂದ ಲಂಡನ್ ಕಡೆಗೆ: ನಾನು ಕಂಡ ಫ್ಲೈಬಸ್

ಬೆಂಗಳೂರಿನಿಂದ ಲಂಡನ್‌ಗೆ ಸುಮಾರು 8,000 ಕಿಲೋಮೀಟರ್. ನಮ್ಮ ಟಿಕೆಟ್‌ನಲ್ಲಿ 10 ಗಂಟೆ 40 ನಿಮಿಷ ಅಂತ ಇತ್ತು. ಆದರೆ ಮೈಸೂರಿನವರಿಗೆ ಪ್ರಯಾಣ ಶುರುವಾಗುವುದು ವಿಮಾನದಲ್ಲಿ ಅಲ್ಲ, ಮನೆಗೆ ಬೀಗ ಹಾಕಿದಾಗ ಅಲ್ವಾ?

ಕಳೆದ ಜೂನ್‌ನಲ್ಲಿ ಮಗಳ ಬಾಣಂತನಕ್ಕೆ ನಾನೂ ಯಜಮಾನರೂ ಹೊರಟೆವು. ಅದಕ್ಕೂ ಹಿಂದಿನ ಸಲ ಬಾಡಿಗೆ ಕಾರು ಹೇಳಿದ್ದೆವು. ಒಂದೂವರೆ ಗಂಟೆ ತಡವಾಗಿ ಬಂತು. ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದು ಕೂತಿದ್ದೆ. ಈ ಸಲ ಅದು ಬೇಡ ಅಂತ, ಮೈಸೂರಿನಿಂದ ನೇರ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್‌ನಲ್ಲಿ ಸೀಟು ಮಾಡಿಸಿದೆ.

ರಾತ್ರಿ 9ಕ್ಕೆ ಕುವೆಂಪುನಗರದ ಮನೆ ಬಿಟ್ಟು, ಸಬರ್ಬನ್ ಬಸ್ ನಿಲ್ದಾಣದಲ್ಲಿ 10ರ ಬಸ್ ಹತ್ತಿದೆವು. ನಾಲ್ಕು ಸೂಟ್‌ಕೇಸು. ಒಂದರ ತುಂಬ ಅಂಟಿನುಂಡೆ, ಓಮ, ಮೆಣಸಿನ ಪುಡಿ, ಮೆತ್ತಗಿನ ಹಳೇ ಸೀರೆ ತುಂಡುಗಳು. ಆ ಪೆಟ್ಟಿಗೆ ಬಗ್ಗೆಯೇ ನನಗೆ ಜೀವ. ಕಂಡಕ್ಟರ್ ಅದನ್ನು ಎಸೆಯಲಿಲ್ಲ, ಎರಡು ಕೈಯಲ್ಲಿ ಹಿಡಿದು ಡಿಕ್ಕಿಯಲ್ಲಿ ನೆಟ್ಟಗೆ ಇಟ್ಟರು. "ಅಮ್ಮಾ, ನೀವು ಹೋಗಿ ಕೂತ್ಕೊಳ್ಳಿ" ಅಂದರು. ಅಷ್ಟಕ್ಕೇ ನನ್ನ ಅರ್ಧ ಚಿಂತೆ ಹೋಯಿತು.

ಮಂಡ್ಯ ದಾಟಿದ್ದು ಗೊತ್ತಾಗಲಿಲ್ಲ, ನಿದ್ದೆ ಹತ್ತಿತ್ತು. ಎಸಿಗೆ ಒಂದು ಶಾಲು ಜೊತೆಗಿರಲಿ. 2 ಗಂಟೆ ಸುಮಾರಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದೆವು. ಬೆಂಗಳೂರಲ್ಲಿ ಇನ್ನೊಂದು ಗಾಡಿ ಹಿಡಿಯುವ ಕೆಲಸವೇ ಇಲ್ಲ. ನಮ್ಮ ವಯಸ್ಸಿನವರಿಗೆ ಇದು ಎಷ್ಟು ದೊಡ್ಡದು ಅಂತ ಲಗೇಜು ಎಳೆದವರಿಗೇ ಗೊತ್ತು.

ವಿಮಾನ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 1 ದಾಟುತ್ತಿದ್ದಂತೆ ಇಳಿಯಿತು. "ಆರೇ ಗಂಟೆ ಆಯ್ತಲ್ಲ!" ಅಂದರು ಯಜಮಾನರು. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅದನ್ನು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ವಾಪಸ್ ಬರುವಾಗ ವಿಮಾನಕ್ಕೆ ಹೊತ್ತು ಕಡಿಮೆ ಬೇಕು. ಮೇಲೆ ಬೀಸುವ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ.

ಲಂಡನ್ ಹತ್ತಿರದ ರೆಡಿಂಗ್‌ನಲ್ಲಿ ಮಗಳು ಬಾಗಿಲು ತೆಗೆದಾಗ ಅಲ್ಲಿ ಸಂಜೆ 4, ಇನ್ನೂ ಸುಡುಬಿಸಿಲು. ನನ್ನ ಎಚ್‌ಎಂಟಿ ವಾಚಿನಲ್ಲಿ ಮೈಸೂರಿನ ಸಮಯ ಹಾಗೇ ಇಟ್ಟಿದ್ದೆ, ರಾತ್ರಿ 8.30. ಅಂದರೆ ಮನೆ ಬಿಟ್ಟು ಇಪ್ಪತ್ತಮೂರೂವರೆ ಗಂಟೆ. ಅದರಲ್ಲಿ ವಿಮಾನದ್ದು ಅರ್ಧಕ್ಕಿಂತ ಕಡಿಮೆ!

ಹೋಗುವವರಿಗೆ ನನ್ನ ಮಾತು: ವಿಮಾನಕ್ಕೆ ನಾಲ್ಕೈದು ಗಂಟೆ ಮುಂಚೆ ತಲುಪುವ ಬಸ್ಸನ್ನೇ ಆರಿಸಿ. ಬರುವಾಗ ಮಾತ್ರ ವಿಮಾನ ಇಳಿಯುವ ಹೊತ್ತಿಗೂ ಬಸ್ಸಿಗೂ ಮೂರು ಗಂಟೆಯಾದರೂ ಅಂತರ ಇರಲಿ. ಇಮಿಗ್ರೇಷನ್, ಲಗೇಜು ಅಂತ ಹೊತ್ತು ಹೋಗುತ್ತದೆ.

ಡಿಸೆಂಬರ್‌ನಲ್ಲಿ ಮತ್ತೆ ಹೊರಟಿದ್ದೇವೆ, ಮೊಮ್ಮಗಳ ಅನ್ನಪ್ರಾಶನಕ್ಕೆ. ಬೆಳ್ಳಿ ಬಟ್ಟಲು ತಂದಾಯಿತು. ಈ ಸಲವೂ ರಾತ್ರಿ 10ರ ಬಸ್ಸೇ.