ನಮ್ಮ ಓಣಿಯ ಕಸ ವ್ಯವಸ್ಥೆ: ಹಸಿ ಕಸಕ್ಕೆ ಭೇಷ್, ಒಣ ಕಸಕ್ಕೆ ಅಷ್ಟಕ್ಕಷ್ಟೇ

ನಮ್ಮ ಓಣಿಯ ಕಸವನ್ನು ಈಗ ಓಣಿಯವರೇ ಸೇರಿ ನೋಡಿಕೊಳ್ಳುತ್ತಾರೆ. ಮನೆಗಿಷ್ಟು ಅಂತ ತಿಂಗಳ ವಂತಿಗೆ ನಾನೂ ಕೊಡುತ್ತೇನೆ. ಹಾಗಾಗಿ ಹೊಗಳುವುದಕ್ಕೂ ಗೊಣಗುವುದಕ್ಕೂ ಹಕ್ಕಿದೆ, ಅಲ್ವಾ?

ಮೊದಲು ಮೆಚ್ಚಿದ್ದು ಹೇಳುತ್ತೇನೆ. ಕಸ ತೆಗೆದುಕೊಳ್ಳುವಾಕೆ ಹಸಿ ಕಸದ ಬುಟ್ಟಿಯನ್ನು ನಮ್ಮೆದುರೇ ಕೆದಕಿ ನೋಡುತ್ತಾರೆ. ಸಿಪ್ಪೆಯ ನಡುವೆ ಶಾಂಪೂ ಪೊಟ್ಟಣ ಕಂಡರೆ ಬೈಯುವುದಿಲ್ಲ. ಎತ್ತಿ ಸುಮ್ನೆ ಕೈಗೆ ಕೊಡುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿರುತ್ತಾರೆ. ಎಷ್ಟು ಕರಪತ್ರ ಹಂಚಿದರೂ ಆಗದ ಕೆಲಸ ಇದರಿಂದ ಆಗಿದೆ. ಪ್ಯಾಡ್, ಡೈಪರ್ ಮಾತ್ರ ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಬೇರೆ ಕೊಡಬೇಕು. ಅದನ್ನು ಯಾರೂ ಬಿಚ್ಚುವುದಿಲ್ಲ.

ಹಸಿ ಕಸ ಗೊಬ್ಬರವಾಗಲು ಓಣಿಯ ಮೂಲೆಯ ಡ್ರಮ್ಮುಗಳಿಗೆ ಹೋಗುತ್ತದೆ. ಸುತ್ತ ತೂತು, ಕೆಳಗೊಂದು ನಲ್ಲಿ, ಅಷ್ಟೇ. ಒಂದು ತುಂಬುವಾಗ ಇನ್ನೊಂದು ಮಾಗುತ್ತಿರುತ್ತದೆ. ಡ್ರಮ್ಮಿಗೆ ಮೀಸಲಿಟ್ಟ ಜಾಗದ ಬಗ್ಗೆ ಜಗಳವಾಡಿದವರೆಲ್ಲ ನಿಜವಾದ ಸಮಸ್ಯೆಯನ್ನು ಯೋಚಿಸಿಯೇ ಇರಲಿಲ್ಲ. ಅದು ಒಣ ಎಲೆಯ ಕೊರತೆ! ಅಡುಗೆಮನೆ ಕಸದಲ್ಲಿ ನೀರು ಮತ್ತು ಸಾರಜನಕ ಜಾಸ್ತಿ. ಇಂಗಾಲ 30 ಪಾಲಿಗೆ ಸಾರಜನಕ 1 ಪಾಲು, ಹೆಚ್ಚುಕಡಿಮೆ ಈ ಲೆಕ್ಕದಲ್ಲಿದ್ದರೆ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಆ ಇಂಗಾಲ ಬರಬೇಕಾದದ್ದು ಎಲೆ, ಹೊಟ್ಟು, ರಟ್ಟಿನಿಂದ. ಮನೆಗೆ ಮನೆ ಅಂಟಿಕೊಂಡಿರುವ ಓಣಿಯಲ್ಲಿ ಸಿಪ್ಪೆಗೆ ಬರವಿಲ್ಲ, ಮರ ಎಲ್ಲಿದೆ ಹೇಳಿ?

ಮಳೆ ಹಿಡಿದಾಗ ಇದ್ದ ಎಲೆಯೂ ಮುಗಿಯಿತು. ಡ್ರಮ್ಮಿನೊಳಗೆ ಗಾಳಿಯಾಡದೆ ಕಸ ಕೊಳೆಯತೊಡಗಿತು. ನಲ್ಲಿ ಕಟ್ಟಿಕೊಂಡು ಕಪ್ಪು ನೀರು ಅಂಚಿನಿಂದ ಸೋರಿತು. ಪಕ್ಕದ ಮನೆಯ ಅಜ್ಜಿ ಕಿಟಕಿ ತೆಗೆಯುವುದನ್ನೇ ಬಿಟ್ಟರು. ಇಷ್ಟೆಲ್ಲ ಆದ ಮೇಲೆಯೇ ಉಸ್ತುವಾರಿಯವರು ಎದ್ದದ್ದು, ಇದಕ್ಕೆ ನನ್ನ ಅಂಕ ಕಡಿತ. ಆದರೆ ಎದ್ದ ಮೇಲೆ ಕೆಲಸ ಅಚ್ಚುಕಟ್ಟು. ಇಡೀ ರಾಶಿಯನ್ನು ತಾರ್ಪಾಲಿನ ಮೇಲೆ ಸುರಿದು, ಹರಿದ ರಟ್ಟು ಮತ್ತು ಮರದ ಪುಡಿ ಬೆರೆಸಿ ಮತ್ತೆ ತುಂಬಿದರು. ಒಂದು ಹಿಡಿ ಎತ್ತಿ ಹಿಂಡಿ ತೋರಿಸಿದರು: ಉಂಡೆ ನಿಲ್ಲಬೇಕು, ನೀರು ಸುರಿಯಬಾರದು. ಕೆಲವೇ ದಿನದಲ್ಲಿ ನಾತ ಇಳಿಯಿತು. ಪುಡಿ ತರುವವರಿಗೊಂದು ಮಾತು: ಪ್ಲೈವುಡ್ಡಿನದು ಬೇಡ, ಅದರಲ್ಲಿ ಅಂಟು ಇರುತ್ತದೆ. ಈಗ ಸಿಪ್ಪೆಯ ಜೊತೆ ಹರಿದ ರಟ್ಟನ್ನೂ ತನ್ನಿ ಅನ್ನುತ್ತಾರೆ. ಅನ್ನುವುದು ಸಾಲದು, ಕಡ್ಡಾಯ ಮಾಡಬೇಕು.

ಡ್ರಮ್ಮಿನಿಂದ ದೂರದ ಮನೆಗಳಿಗೆ ತಕಾಕುರ ಬುಟ್ಟಿ ಒಳ್ಳೆಯದು. ಜಪಾನಿನ ಕೋಜಿ ತಕಾಕುರ ಇಂಡೊನೇಷ್ಯಾದ ಸುರಬಾಯ ನಗರದಲ್ಲಿ ರೂಪಿಸಿದ ವಿಧಾನ ಅದು. ಒಗೆಯುವ ಬಟ್ಟೆ ಹಾಕಿಡುವಂಥ ತೂತಿನ ಬುಟ್ಟಿಯ ಒಳಗೆ ರಟ್ಟು ಹೊದಿಸಿ, ಭತ್ತದ ಹೊಟ್ಟು ಬಳಸಿ ಮನೆಯಲ್ಲೇ ಗೊಬ್ಬರ ಮಾಡುತ್ತಾರೆ. ನಮ್ಮವರಿಗೆ ಹೇಳಿ ನೋಡಿದೆ. ತಲೆಯಾಡಿಸಿದರು, ಅಷ್ಟೇ.

ಒಣ ಕಸದ ವಿಷಯ ಬೇಸರ. ವಾರಕ್ಕೆ ಒಂದೇ ದಿನ ಒಯ್ಯುತ್ತಾರೆ. ಒಂದು ಕೋಣೆಯ ಮನೆಯಲ್ಲಿ ಅಲ್ಲಿಯವರೆಗೆ ಎಲ್ಲಿಡುವುದು? ನೀರಿನ ಬಾಟಲಿ, ರಟ್ಟು ಗುಜರಿಗೆ ಹೋಗುತ್ತವೆ. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್, ಲೋಹದ ಪದರಗಳು ಒಂದಕ್ಕೊಂದು ಅಂಟಿರುವುದರಿಂದ ಬೇರ್ಪಡಿಸುವುದು ಕಷ್ಟ, ಗುಜರಿಯವರೂ ಕೊಳ್ಳುವುದಿಲ್ಲ. ಅದು ಕೊನೆಗೆ ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ಉತ್ತರವಿಲ್ಲ. ಏನು ಮಾರಿದರು, ಏನು ಊರ ಕಸದ ಗುಡ್ಡೆಗೆ ಕಳಿಸಿದರು ಅಂತ ತಿಂಗಳಿಗೊಮ್ಮೆ ಬೋರ್ಡಿನಲ್ಲಿ ಬರೆಯಲಿ. ವಂತಿಗೆಯ ಲೆಕ್ಕ ಬರೆಯುವ ಬೋರ್ಡು ಹೇಗೂ ಇದೆ.

ಗೊಬ್ಬರವನ್ನು ಮನೆಗಿಷ್ಟು ಅಂತ ಹಂಚುತ್ತಾರೆ. ನನಗೆ ಸಿಕ್ಕಿದ್ದು ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆಯದು. ಪಕ್ಕದವರದು ಇನ್ನೂ ಬೆಚ್ಚಗಿತ್ತು, ಅಂದರೆ ಮಾಗಿಲ್ಲ. ಅಂಥದ್ದನ್ನು ಗಿಡಕ್ಕೆ ಹಾಕಿದರೆ ಬೇರಿಗೆ ಪೆಟ್ಟು. ಇನ್ನಷ್ಟು ದಿನ ಬಿಟ್ಟು, ಜರಡಿ ಹಿಡಿದು ಕೊಡಲಿ. ಕಾಯಲು ನಮಗೇನೂ ಅವಸರವಿಲ್ಲ.